ಹಿತ್ತಲಿನ ಬೀಗ

2018ರಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ಉದ್ಯಾನಗಳ ಪ್ರದರ್ಶನವೊಂದನ್ನು ನೋಡಿದೆವು. ಫ್ರಾನ್ಸ್ ದೇಶದ ಸಾರ್ವಜನಿಕ ಉದ್ಯಾನಗಳು, ಮನೆಯ ಹೂದೋಟಗಳೇ ಅದರ ವಿಷಯ. ನಾವು ಮ್ಯಾಟ್ರಿಕ್ ಓದಿದ ವ್ಯಾಪಾರಸ್ಥರು. ಚಿತ್ರಗಳ ಗುಣದೋಷ ತಿಳಿಯದು. ಆದರೂ ಮೋನೆ ಎಂಬ ಚಿತ್ರಕಾರ 1878ರಲ್ಲಿ ಬರೆದ ಪ್ಯಾರಿಸಿನ ಮೊನ್ಸೋ ಉದ್ಯಾನದ ಚಿತ್ರದೆದುರು ನಮ್ಮ ಕಾಲು ನಿಂತಿತು. ಮರದ ನೆರಳಲ್ಲಿ ಹೆಂಗಸರು, ಮಕ್ಕಳು ನೆಮ್ಮದಿಯಾಗಿ ಕುಳಿತಿದ್ದಾರೆ. ಆ ತೋಟ ಮೊದಲು ರಾಜಮನೆತನದ ಒಬ್ಬ ಡ್ಯೂಕನ ಸ್ವಂತದ್ದು. 1861ರಲ್ಲಿ ಅದನ್ನು ಊರ ಜನರಿಗೆಲ್ಲ ತೆರೆದರು.

ಆಗ ಸೊಲ್ಲಾಪುರದ ನಮ್ಮ ಹಿತ್ತಲು ನೆನಪಾಯಿತು. ಓಣಿಯ ಹುಡುಗರು ಮಲ್ಲಿಗೆ ಹರಿಯುತ್ತಾರೆಂದು ಅದಕ್ಕೆ ನಾವೇ ಬೀಗ ಹಾಕಿದ್ದೆವು. "ಮಕ್ಕಳು ಬಾರದ ತೋಟ ಯಾರಿಗಾಗಿ?" ಎಂದು ನಮ್ಮ ಮನೆಯವರು ಎಷ್ಟೋ ಸಲ ಕೇಳಿದ್ದರು. ನಾವು ಕಿವಿಗೊಡಲಿಲ್ಲ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಊರಿಗೆ ಮರಳಿದ ಮರುದಿನವೇ ಬೀಗ ತೆಗೆದೆವು. ಈಗ ಒಂದು ಮಲ್ಲಿಗೆಯೂ ಉಳಿಯುವುದಿಲ್ಲ. ಸಂಜೆಯಾದರೆ ಗದ್ದಲವೋ ಗದ್ದಲ. ಕೇಳಿ ಸಂತೋಷಪಡಬೇಕಾದವರು ಮಾತ್ರ ಇಲ್ಲ.

ವಾಚಕರೇ, ನಿಮ್ಮ ಮನೆಯಲ್ಲೂ ಅಂಥ ಬೀಗವಿದ್ದರೆ, ಹೇಳಿದವರು ಇರುವಾಗಲೇ ತೆಗೆಯಿರಿ.