ಕಾಂಜಿ ಕಲಿಕೆಯೂ ಕನ್ನಡ ಶಾಲೆಯೂ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ನನ್ನನ್ನು ಕಾಣಲು ಬಂದರು. ಮಗ ಐ.ಟಿ.ಐ. ಮುಗಿಸಿ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದ. "ಮೂರು ತಿಂಗಳಾಯ್ತು ಸಾರ್, ತಲೆಗೆ ಹತ್ತಲ್ಲ, ಬಿಟ್ಟು ಬರ್ತೀನಿ ಅಂತಾನೆ. ಕನ್ನಡ ಮೀಡಿಯಮ್ಮಿಗೆ ಹಾಕಿ ನಾನೇ ತಪ್ಪು ಮಾಡಿದೆನೇನೋ" ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಹುಡುಗನನ್ನು ಪುಸ್ತಕದೊಡನೆ ಬರಹೇಳಿದೆ. ಇನ್ನೂರು ಚಿಹ್ನೆಗಳನ್ನು ಒಂದೊಂದು ಪುಟದಂತೆ ಮುತ್ತಿನ ಹಾಗೆ ಬರೆದಿದ್ದ. ಆದರೆ ಒಂದು ಚಿಕ್ಕ ವಾಕ್ಯ ಓದೆಂದರೆ ಬಾಯಿ ಬರಲಿಲ್ಲ. ತಪ್ಪು ಮಾಧ್ಯಮದ್ದಲ್ಲ, ಕಲಿತ ಕ್ರಮದ್ದು ಎಂದು ಆಗಲೇ ನನಗೆ ತೋರಿತು.

ಜಪಾನಿ ಭಾಷೆಗೆ ಹಿರಗನ, ಕತಕನ ಎಂಬ ಎರಡು ಅಕ್ಷರಮಾಲೆಗಳಿವೆ. ಒಂದೊಂದರಲ್ಲಿ 46 ಮೂಲಾಕ್ಷರಗಳು. ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಎಂಬ ಚಿಹ್ನೆಗಳಿವೆ. ನಿತ್ಯಬಳಕೆಗೆಂದು ಅಲ್ಲಿನ ಸರಕಾರ 2010ರಲ್ಲಿ ಗೊತ್ತುಪಡಿಸಿದ ಕಾಂಜಿಗಳೇ 2136. ಅಲ್ಲಿನ ಮಕ್ಕಳು ಒಂದನೆಯ ತರಗತಿಯಲ್ಲಿ ಕಲಿಯುವುದು 80 ಮಾತ್ರ; ಆರು ವರ್ಷಗಳಲ್ಲಿ 1026. ಹುಟ್ಟಿನಿಂದ ಆ ಮಾತನ್ನಾಡುವ ಮಕ್ಕಳಿಗೇ ಇಷ್ಟು ಕಾಲ ಬೇಕಾದರೆ, ನಮ್ಮ ಹುಡುಗ ಮೂರು ತಿಂಗಳಿಗೆ ಎದೆಗುಂದುವುದು ಸರಿಯೇ?

ಕಾಂಜಿ ಎಂದರೇನೆಂದು ನಮ್ಮ ಊರಿನ ಉದಾಹರಣೆಯಿಂದಲೇ ತಿಳಿಯಬಹುದು. 3 ಎಂಬ ಅಂಕಿಯನ್ನು ಕನ್ನಡಿಗ 'ಮೂರು' ಎನ್ನುತ್ತಾನೆ, ಪಕ್ಕದ ಮನೆಯ ತೆಲುಗರು 'ಮೂಡು' ಎನ್ನುತ್ತಾರೆ. ಚಿಹ್ನೆ ಒಂದೇ, ಅರ್ಥ ಒಂದೇ, ಉಚ್ಚಾರ ಬೇರೆ. 'ತ್ರಿಕೋನ' ಎಂಬುದನ್ನು '3ಕೋನ' ಎಂದು ಬರೆದರೆ ಅದೇ 3 'ತ್ರಿ' ಆಗುತ್ತದೆ. ಕಾಂಜಿಯೂ ಹಾಗೆಯೇ. ಬೆಟ್ಟದ ಚಿಹ್ನೆ ಒಂಟಿಯಾಗಿದ್ದರೆ 'ಯಾಮ', ಫೂಜಿ ಬೆಟ್ಟದ ಹೆಸರಿನ ಜೊತೆ ಸೇರಿದರೆ 'ಸಾನ್'. ಆದ್ದರಿಂದ ಚಿಹ್ನೆಯನ್ನು ಬಿಡಿಯಾಗಿ ಉರುಹಚ್ಚುವುದಕ್ಕಿಂತ ಪದದೊಳಗಿಟ್ಟು ಕಲಿಯುವುದೇ ಮೇಲು.

ಚಿಹ್ನೆಗಳನ್ನು ಬಿಡಿಸಿ ನೋಡುವುದೂ ಒಂದು ಉಪಾಯ. ಒಂದು ಮರದ ಚಿಹ್ನೆ ಮರ; ಎರಡು ಮರ ಸೇರಿದರೆ ತೋಪು; ಮೂರು ಸೇರಿದರೆ ಕಾಡು. ಸೂರ್ಯನೂ ಚಂದ್ರನೂ ಜೊತೆಗೂಡಿದರೆ ಬೆಳಕು. ಮರದ ಪಕ್ಕದಲ್ಲಿ ಮನುಷ್ಯನಿದ್ದರೆ ವಿಶ್ರಾಂತಿ! ಹೊಲದಿಂದ ಬಂದು ಬೇವಿನ ನೆರಳಲ್ಲಿ ಕೂರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕತೆ ಕಟ್ಟಿದ ಮಾತ್ರಕ್ಕೆ ಓದು ಬರುವುದಿಲ್ಲ. ಎಲ್ಲ ಚಿಹ್ನೆಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದೂ ಇಲ್ಲ.

ನಮ್ಮ ಮಕ್ಕಳು ತೆಲುಗು ಓದಲು ಕಲಿಯುವುದನ್ನು ಗಮನಿಸಿ. ಪಾಠಕ್ಕಿಂತ ಮೊದಲೇ ಬಸ್ಸಿನ ಬೋರ್ಡು ನೋಡಿ 'ಕಲ್ಯಾಣದುರ್ಗ' ಎನ್ನುತ್ತಾರೆ. ಬಲ್ಲ ಪದ ಮೊದಲು, ಅಕ್ಷರ ಆಮೇಲೆ. ಜಪಾನಿಗೂ ಇದೇ ದಾರಿ ಹಿಡಿಯಬಾರದೇಕೆ? ಮೊದಲು ಹಿರಗನ, ಕತಕನ ಕಲಿತು, ನೀರು, ಊಟ, ಮನೆ, ಕೆಲಸ ಮುಂತಾದ ಮಾತುಗಳನ್ನು ಬಾಯಿಗೆ ತಂದುಕೊಂಡು, ಅನಂತರ ಅವುಗಳ ಕಾಂಜಿಗೆ ಕೈಹಾಕಬೇಕು.

ನೆನಪಿಗೊಂದು ಸುಲಭ ಸಾಧನವುಂಟು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಮೂರು ಡಬ್ಬಿಗಳಿರಲಿ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರಲ್ಲಿ ಪ್ರಚಾರಕ್ಕೆ ತಂದ ಕ್ರಮವಿದು. ದಿನಕ್ಕೆ ಐದು ಪದ ಸಾಕು, ಹನಿಹನಿಗೂಡಿದರೆ ಹಳ್ಳ. ಕೈಬರಹವೂ ಬೇಕು. ಆದರೆ ಒಂದನ್ನೇ ನೂರು ಸಲ ಗೀಚುವುದಕ್ಕಿಂತ, ನೋಡದೆ ಮೂರು ಸಲ ಬರೆದು ತಾಳೆ ನೋಡುವುದು ಲೇಸು.

ಇನ್ನು ಪಾಲಕರಿಗೆ ಒಂದು ಮಾತು. 'ನಾನು ನೀರನ್ನು ಕುಡಿಯುತ್ತೇನೆ' ಎಂಬುದು ಜಪಾನಿಯಲ್ಲಿ 'ವಾತಶಿ ವಾ ಮಿಜು ಓ ನೊಮಿಮಸು'. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ನಮ್ಮ 'ಅನ್ನು' ಪ್ರತ್ಯಯದಂತೆ ಅಲ್ಲಿ 'ಓ' ನಾಮಪದದ ಹಿಂದೆ ಬರುತ್ತದೆ. ಅವರ ಅಕ್ಷರಗಳ ಅ, ಇ, ಉ, ಎ, ಒ ಎಂಬ ಕ್ರಮವೂ ಬೌದ್ಧರ ಮೂಲಕ ಅಲ್ಲಿಗೆ ತಲುಪಿದ ಭಾರತದ ವರ್ಣಮಾಲೆಯ ಪ್ರಭಾವದಿಂದ ರೂಪುಗೊಂಡದ್ದು. ಇಂಗ್ಲಿಷಿನ ವಾಕ್ಯರಚನೆಗಿಂತ ಕನ್ನಡದ್ದೇ ಇಲ್ಲಿ ಹತ್ತಿರ. ವ್ಯಾಕರಣವನ್ನು ಚೆನ್ನಾಗಿ ಕಲಿತ ಕನ್ನಡ ಶಾಲೆಯ ಮಗು ಬರಿಗೈಯಲ್ಲಿ ಹೋಗುವುದಿಲ್ಲ.

ನುರಿತ ಕೆಲಸಗಾರರ ಬಗ್ಗೆ ಭಾರತಕ್ಕೂ ಜಪಾನಿಗೂ 2021ರ ಜನವರಿಯಲ್ಲಿ ಒಪ್ಪಂದವಾಗಿದೆ. ಹಾಗೆ ಹೋಗುವವರಿಗೆ ಭಾಷಾ ಪರೀಕ್ಷೆಯೂ ಉಂಟು. ಹೋಗುವುದು ಬಿಡುವುದು ಅವರವರ ಇಷ್ಟ. ಆದರೆ ಹೆದರಿ ಬಿಡುವಂತಾಗಬಾರದು.

ಆ ಹುಡುಗ ಮತ್ತೆ ತರಗತಿಗೆ ಹೋಗುತ್ತಿದ್ದಾನೆ. ಪರೀಕ್ಷೆ ಇನ್ನೂ ಮುಂದಿದೆ. ಫಲವನ್ನು ನಾನು ಹೇಳಲಾರೆ. ಅವನ ಮೂರನೆಯ ಡಬ್ಬಿಯಲ್ಲಿ ಈಗ ಚೀಟಿಗಳು ಸೇರುತ್ತಿವೆ ಎಂದು ಅವನ ತಂದೆಯೇ ಮೊನ್ನೆ ಹೇಳಿದರು. ಮೀಡಿಯಮ್ಮಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.