ತಪ್ಪು ಫೇರಿಗಳದ್ದೇ?

ಫೇರಿ ಎಂದರೆ ರೆಕ್ಕೆ, ಮಂತ್ರದಂಡ ಎಂದೇ ನಾನೂ ತಿಳಿದಿದ್ದೆ. ಐರ್ಲೆಂಡಿನ ಹಳ್ಳಿಗಳಲ್ಲಿ ಮಾತ್ರ ಅದು ಹೆದರಿಕೆಯ ಹೆಸರು. ಅವು ಮನುಷ್ಯರನ್ನು ಕದ್ದೊಯ್ದು, ಅದೇ ರೂಪದ ಬೇರೊಂದನ್ನು ಬಿಟ್ಟುಹೋಗುತ್ತವೆ ಎಂದು ಜನ ನಂಬಿದ್ದರು.

1895ರ ಮಾರ್ಚ್‌ನಲ್ಲಿ ಟಿಪ್ಪರರಿಯ ಬ್ರಿಜೆಟ್ ಕ್ಲಿಯರಿ ಕಾಯಿಲೆ ಬಿದ್ದಳು. ಬಟ್ಟೆ ಹೊಲಿದು ಸ್ವಂತವಾಗಿ ದುಡಿಯುತ್ತಿದ್ದವಳು. ಡಾಕ್ಟರು ಬಂದು ನೋಡಿಯೂ ಹೋಗಿದ್ದರು. ಆದರೂ ಇವಳು ತನ್ನ ಹೆಂಡತಿಯೇ ಅಲ್ಲವೆಂದು ಗಂಡ ಮೈಕೆಲ್ ಅವಳನ್ನು ಸುಟ್ಟ. 20 ವರ್ಷ ಶಿಕ್ಷೆಯಾಯಿತು; 15 ವರ್ಷಕ್ಕೇ ಹೊರಬಂದ.

ಇದನ್ನು ‘ಮೂಢನಂಬಿಕೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆ ನಂಬಿಕೆ ಎಷ್ಟೋ ಜನರಿಗಿತ್ತು, ಅವರೆಲ್ಲ ಹೆಂಡತಿಯನ್ನು ಸುಡಲಿಲ್ಲವಲ್ಲ! ಅಂದು ಆ ಮನೆಯಲ್ಲಿ ಬ್ರಿಜೆಟ್‌ಳ ತಂದೆಯಿದ್ದ, ಬಂಧುಗಳಿದ್ದರು. ಅವರನ್ನು ತಡೆದದ್ದು ಯಾವ ಫೇರಿ?