ಅಂಧೇರಿಯಲ್ಲಿ ನಾವು ಯಾವ ಗ್ಯಾಲರಿಯಲ್ಲಿ ಕೂರಬೇಕು?

ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಮುಂದಿನ ಸಲ ಮುಂಬಯಿ ಸಿಟಿ ತಂಡದೊಡನೆ ಆಡಲು ಅಂಧೇರಿಯ ಮೈದಾನಕ್ಕೆ ಬಂದಾಗ ಮುಂಬಯಿಯ ಕನ್ನಡಿಗರು ಎಲ್ಲಿ ಕೂರಬೇಕು ಎಂಬುದು ಈ ಬರಹದ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಓದುವ ತಾಳ್ಮೆಯಿಲ್ಲದವರಿಗೂ ಅದು ತಲುಪಲಿ. ಬೆಂಗಳೂರಿನ ಕಡೆ ಕೂರಬೇಕು. ನೀಲಿ ಅಂಗಿ ತೊಟ್ಟು, ಗಂಟಲು ಬಿರಿಯುವಂತೆ ಕನ್ನಡದಲ್ಲಿ ಕೂಗಬೇಕು. ಹೀಗೆಂದುದಕ್ಕಾಗಿ ಸಂಘದ ಚಹಾದ ಮೇಜಿನ ಬಳಿ ನನಗೆ ಹಿರಿಯರಿಂದಲೂ ಕಿರಿಯರಿಂದಲೂ ಬೇಕಾದಷ್ಟು ಉಪದೇಶ ದೊರೆತಿದೆ. ಅಲ್ಲಿ ಚಹಾ ಆರುವುದರೊಳಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲ ಆಕ್ಷೇಪ ಹೀಗಿದೆ: "ಅದು ಹೆಸರಿಗಷ್ಟೇ ಬೆಂಗಳೂರು. ಅದರಲ್ಲಿ ಕನ್ನಡಿಗರು ಎಷ್ಟು ಮಂದಿ? ಸುನಿಲ್ ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಗೋಲು ಕಾದ ಗುರುಪ್ರೀತ್ ಸಿಂಗ್ ಸಂಧು ಪಂಜಾಬಿನವರು, ಉಳಿದವರು ಮಣಿಪುರ, ಮಿಜೋರಾಂ, ಸ್ಪೇನು. ಅವರಿಗಾಗಿ ನಾವೇಕೆ ಗಂಟಲು ಹರಿದುಕೊಳ್ಳಬೇಕು?"

ಈ ಮಾತನ್ನಾಡಿದ ಮಹನೀಯರು 2025ರ ಜೂನ್ 3ರ ರಾತ್ರಿ ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ಪ್ರಯತ್ನದಲ್ಲಿ ಐಪಿಎಲ್ ಗೆದ್ದಾಗ ಮನೆಯ ಗ್ಯಾಲರಿಯಲ್ಲಿ ನಿಂತು ಪಟಾಕಿ ಹಚ್ಚಿದವರು. ದಿಲ್ಲಿಯ ವಿರಾಟ್ ಕೊಹ್ಲಿಯ ಮನೆಮಾತು ಯಾವುದೆಂದು ಅಂದು ಅವರು ಕೇಳಲಿಲ್ಲ. ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್ ನಮ್ಮವನೇ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದರು. "ಈ ಸಲ ಕಪ್ ನಮ್ದೇ" ಎನ್ನುವಾಗ ಆ 'ನಮ್ದು' ಎಂಬುದರಲ್ಲಿ ಇಡೀ ಜಗತ್ತಿಗೆ ಜಾಗವಿತ್ತು. ಚೆಂಡು ಕೈಯಿಂದ ಕಾಲಿಗೆ ಇಳಿದೊಡನೆ ಮಾತ್ರ ಜನನ ಪ್ರಮಾಣಪತ್ರ ಬೇಕಾಯಿತು! ನಿಯಮ ಒಂದೇ ಇರಲಿ, ಸ್ವಾಮಿ. ಎರಡು ಆಟಕ್ಕೂ ಅದನ್ನೇ ಅನ್ವಯಿಸಿ. ಇಲ್ಲವೇ ಎರಡಕ್ಕೂ ಬಿಟ್ಟುಬಿಡಿ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಈ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಇಂಗ್ಲಿಷಿನಲ್ಲೂ ತನ್ನನ್ನು 'ಬೆಂಗಳೂರು' ಎಂದೇ ಕರೆದುಕೊಂಡು ಅದು ಕಣಕ್ಕಿಳಿಯಿತು. ಸರಕಾರ 'ಬ್ಯಾಂಗಲೋರ್' ಎಂಬುದನ್ನು ಅಧಿಕೃತವಾಗಿ ಕೈಬಿಟ್ಟದ್ದು 2014ರ ನವೆಂಬರ್ 1ರಂದು. ಕಪ್ಪು ನಮ್ಮದೇ ಎನ್ನುತ್ತಿದ್ದ ಕ್ರಿಕೆಟ್ ತಂಡವೋ, ತನ್ನ ಹೆಸರನ್ನು ತಿದ್ದಿಕೊಂಡದ್ದು 2024ರಲ್ಲಿ. ನಾಮಫಲಕಕ್ಕಾಗಿ ಹೋರಾಡುವ ನಮ್ಮಂಥವರು ಇದನ್ನು ಗಮನಿಸಬೇಡವೇ?

ಆದರೆ ಈ ಆಕ್ಷೇಪದ ಬೇರು ಇನ್ನೂ ಆಳದಲ್ಲಿದೆ, ಹಳೆಯದೂ ಆಗಿದೆ. ನಿಜ ಹೇಳಬೇಕೆಂದರೆ, ಬೆಂಗಳೂರಿನ ಫುಟ್‌ಬಾಲನ್ನು ನಾವು ಎಂದೂ ನಮ್ಮದೆಂದು ಎಣಿಸಿದವರಲ್ಲ. ಅದು ದಂಡು ಪ್ರದೇಶದ ಆಟ, ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರಗಳ ಓಣಿಗಳ ಆಟ. ಅಲ್ಲಿಯ ಹುಡುಗರು ಮನೆಯಲ್ಲಿ ಆಡುವ ಮಾತು ತಮಿಳೋ ಉರ್ದುವೋ ಆಗಿತ್ತು. ಹಲವರು ಇಗರ್ಜಿಗೆ, ಮಸೀದಿಗೆ ಹೋಗುವವರು. ಬಸವನಗುಡಿ, ಮಲ್ಲೇಶ್ವರಗಳಿಂದ ಬಂದ ನಾವು ಅವರನ್ನು 'ಕಂಟೋನ್ಮೆಂಟಿನವರು' ಎಂಬ ಒಂದೇ ಮಾತಿನಲ್ಲಿ ಹೊರಗಿಟ್ಟೆವು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಊರಿಗೆ ಹೋದಾಗಲೆಲ್ಲ ಲಾಲ್‌ಬಾಗು ನೋಡಿ ಬರುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕಂಡಿದ್ದೇವೆ?

ಹೊರಗಿಟ್ಟದ್ದರಿಂದ ಕಳೆದುಕೊಂಡದ್ದೇನು ಎಂಬ ಲೆಕ್ಕ ಮುಂಬಯಿಯಲ್ಲೇ ಸಿಗುತ್ತದೆ. ರೋವರ್ಸ್ ಕಪ್ ಇಲ್ಲಿ 1891ರಲ್ಲಿ ಪ್ರಾರಂಭವಾಯಿತು. ನಾಲ್ಕು ದಶಕಗಳಿಗೂ ಮಿಕ್ಕಿ ಅದನ್ನು ಗೆದ್ದವರು ಬ್ರಿಟಿಷ್ ಸೈನ್ಯದ ಪಡೆಗಳೇ. ಕಲಕತ್ತೆಯ ಮೋಹನ್ ಬಾಗಾನ್ 1923ರಲ್ಲಿ ಫೈನಲಿಗೆ ಬಂದು ಸೋತಿತು. ಕೊನೆಗೆ 1937ರಲ್ಲಿ ಆ ಕಪ್ಪನ್ನು ಮೊದಲ ಬಾರಿಗೆ ಎತ್ತಿದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು ಆಕಸ್ಮಿಕವಲ್ಲವೆಂದು ತೋರಿಸಲೋ ಎಂಬಂತೆ 1938ರಲ್ಲಿ ಮತ್ತೊಮ್ಮೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಬರಿಗಾಲ ಮೋಹನ್ ಬಾಗಾನ್ 1911ರಲ್ಲಿ ಶೀಲ್ಡ್ ಗೆದ್ದ ಕಥೆಯನ್ನು ಬಂಗಾಳದ ಕೂಸೂ ಹೇಳುತ್ತದೆ. 1937ರಲ್ಲಿ ಇದೇ ಮುಂಬಯಿ ನಗರದಲ್ಲಿ ಬೆಂಗಳೂರಿನ ಹುಡುಗರು ಮಾಡಿದ್ದನ್ನು ನಮ್ಮ ಯಾವ ಸ್ಮರಣ ಸಂಚಿಕೆ ಸ್ಮರಿಸಿದೆ? ಮುಂಬಯಿಯಲ್ಲಿ ಕನ್ನಡನಾಡಿನವರ ಸಾಧನೆ ಎಂದು ಪುಟಗಟ್ಟಲೆ ಬರೆಯುತ್ತೇವೆ: ಹೋಟೆಲು, ರಾತ್ರಿಶಾಲೆ, ಬ್ಯಾಂಕು, ಯಕ್ಷಗಾನ. ಬರೆಯಬೇಕಾದದ್ದೇ. ಆ ಪಟ್ಟಿಯಲ್ಲಿ ಈ ಒಂದು ಸಾಲು ಏಕಿಲ್ಲ?

ಇನ್ನೂ ಕೇಳಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 1-10ರ ಹೀನಾಯ ಸೋಲು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಎರಡು ಒಲಿಂಪಿಕ್ಸಿನಲ್ಲಿ ದೇಶ ಹೊಡೆದದ್ದು ಎರಡು ಗೋಲು, ಎರಡೂ ಬೆಂಗಳೂರಿನ ಕಾಲಿನಿಂದ ಹೋದವು! ಈ ಅಹ್ಮದ್ ಖಾನರನ್ನು ಕಲಕತ್ತೆಯ ಜನ ಹಾವಾಡಿಗನೆಂದು ಕರೆದರು, ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಒಬ್ಬನೆಂದು ಹೆಗಲ ಮೇಲೆ ಹೊತ್ತರು. 2017ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡಾಗ ಕಲಕತ್ತೆ ಅತ್ತಿತು. ನಮ್ಮ ಸಂಘದಲ್ಲಿ ಒಂದು ನಿಮಿಷದ ಮೌನವೂ ಆಚರಣೆಯಾಗಲಿಲ್ಲ. ಆ ತಿಂಗಳ ಸಭೆಯಲ್ಲಿ ನಾನಿದ್ದೆ.

ಸಂತೋಷ್ ಟ್ರೋಫಿಯ ವಿಷಯದಲ್ಲೂ ಅದೇ ಹಾಡು. ಮೈಸೂರು ರಾಜ್ಯ ನಾಲ್ಕು ಬಾರಿ ಅದನ್ನು ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆ ಮೇಲೆ ರಾಜ್ಯದ ಹೆಸರು ಬದಲಾಯಿತು, ಎರಡು ತಲೆಮಾರು ಕಳೆಯಿತು. 54 ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು, ದೂರದ ರಿಯಾಧ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಐದನೆಯ ಸಲ ಗೆದ್ದಿತು. ಅದು ಕ್ಲಬ್ಬಲ್ಲ, ದುಡ್ಡುಳ್ಳವರು ಕೊಂಡ ಆಟಗಾರರಲ್ಲ. ರಾಜ್ಯದ ತಂಡ, ಅಂಗಿಯ ಮೇಲೆ ಕರ್ನಾಟಕವೆಂದೇ ಬರೆದುಕೊಂಡವರು. ಕನ್ನಡಿಗರಿಲ್ಲದ ತಂಡಕ್ಕೆ ಕೂಗುವುದಿಲ್ಲವೆನ್ನುವವರು ಅಂದು ಎಲ್ಲಿದ್ದರು? ಆ ವರ್ಷದ ರಾಜ್ಯೋತ್ಸವದ ವೇದಿಕೆಯಲ್ಲಿ ಮೂವರು ಉದ್ಯಮಿಗಳಿಗೆ ಶಾಲು ಹೊದಿಸಿದ್ದನ್ನು ಕಂಡೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕನೆಯ ಶಾಲು ದುಬಾರಿಯಾಗುತ್ತಿತ್ತೇ ಎಂಬುದಷ್ಟೇ ಪ್ರಶ್ನೆ.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಗೌರವಯುತವಾದದ್ದು. "ಐವತ್ತು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿದ್ದೇವೆ. ಮಕ್ಕಳು ಹುಟ್ಟಿದ್ದು ಇಲ್ಲಿ. ಮುಂಬಯಿಯ ಮೈದಾನದಲ್ಲಿ ಮುಂಬಯಿಗೆ ಎದುರಾಗಿ ಕೂಗುವುದು ಉಂಡ ಮನೆಗೆ ಎರಡು ಬಗೆದಂತಲ್ಲವೇ?" ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಅವರ ಕಳಕಳಿಯನ್ನು ಬಲ್ಲೆ. ಹೊರಗಿನವರೆಂದು ಬೆರಳು ತೋರಿಸಿಕೊಂಡ ದಿನಗಳನ್ನು ಅವರು ಈ ಊರಿನಲ್ಲಿ ಕಂಡವರು. ತಲೆ ತಗ್ಗಿಸಿ ಬಾಳುವುದನ್ನು ಆ ದಿನಗಳು ಕಲಿಸಿದವು. ಆದರೂ ಒಪ್ಪಲಾರೆ. ಫುಟ್‌ಬಾಲಿನಲ್ಲಿ ಎದುರು ಗ್ಯಾಲರಿ ಎಂಬುದು ಮನೆಗೆ ಬಂದ ಅತಿಥಿಯ ಆಸನ. ಅದು ಖಾಲಿಯಿದ್ದರೆ ಪಂದ್ಯ ಸಪ್ಪೆ, ಅದು ಆತಿಥೇಯನಿಗೂ ಗೊತ್ತು. ಕಲಕತ್ತೆಯನ್ನೇ ನೋಡಿ: ಈಸ್ಟ್ ಬೆಂಗಾಲ್ ಕ್ಲಬ್ಬನ್ನು 1920ರಲ್ಲಿ ಕಟ್ಟಿದವರೇ ಪೂರ್ವ ಬಂಗಾಳದ ಮೂಲದವರು, ದೇಶವಿಭಜನೆಯ ಬಳಿಕ ನೆಲ ಕಳೆದುಕೊಂಡು ಬಂದ ಲಕ್ಷಾಂತರ ಜನಕ್ಕೆ ಅದು ತವರಾಯಿತು. ನೂರು ವರ್ಷದಿಂದ ಅವರು ಕಲಕತ್ತೆಯ ಅನ್ನ ಉಂಡು ಕಲಕತ್ತೆಯಲ್ಲೇ ಮೋಹನ್ ಬಾಗಾನಿಗೆ ಎದುರಾಗಿ ಕೂಗುತ್ತಿದ್ದಾರೆ. ಅದರಿಂದ ಆ ಊರು ಬಡವಾಯಿತೇ?

ಇನ್ನು ಶುದ್ಧ ಮುಂಬಯಿ, ಶುದ್ಧ ಬೆಂಗಳೂರು ಎಂಬುದು ಎಲ್ಲಿದೆ ಹೇಳಿ. ಬೆಂಗಳೂರು ಕ್ಲಬ್ಬಿನ ಒಡೆಯರಾದ ಜೆಎಸ್‌ಡಬ್ಲ್ಯು ಸಂಸ್ಥೆಯ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ, ಮುಖ್ಯ ಕಚೇರಿ ಮುಂಬಯಿಯಲ್ಲಿ. ಛೇತ್ರಿ 2015ರಲ್ಲಿ ಮುಂಬಯಿ ಸಿಟಿಗೆ ಆಡುತ್ತ ಈ ಲೀಗಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯರಾದರು. ಮುಂಬಯಿಯಲ್ಲೇ ಹುಟ್ಟಿದ ರಾಹುಲ್ ಭೇಕೆ ಬೆಂಗಳೂರಿಗೆ ಕಪ್ಪು ತಂದುಕೊಟ್ಟರು, ಆ ಮೇಲೆ ಮುಂಬಯಿಯ ನಾಯಕರಾಗಿ 2024ರಲ್ಲಿ ಕಪ್ಪು ಎತ್ತಿದರು, ಅದೇ ವರ್ಷ ತಿರುಗಿ ಬೆಂಗಳೂರಿಗೆ ಬಂದರು. ಆಡುವವನೇ ಎರಡೂ ಮನೆಯ ಊಟ ಉಂಡಿರುವಾಗ ನೋಡುವವನಿಗೆ ಏಕೆ ಈ ಮಡಿ?

ಈಗ ಪಂದ್ಯಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದೇ. ಅಂಧೇರಿಯ ಆ ಹುಲ್ಲು ಬೆಂಗಳೂರಿಗೆ ಪರಕೀಯವಲ್ಲ. 2019ರ ಮಾರ್ಚ್ 17ರಂದು ಅಲ್ಲೇ ಗೋವಾವನ್ನು 1-0ಯಿಂದ ಸೋಲಿಸಿ ಅದು ಇಂಡಿಯನ್ ಸೂಪರ್ ಲೀಗನ್ನು ಗೆದ್ದದ್ದು. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚಿನ ಅವಧಿಯೂ ಮುಗಿಯುತ್ತ ಬಂತು; 117ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಭೇಕೆ ತಲೆ ಕೊಟ್ಟರು. 2023ರ ಮಾರ್ಚ್ 7ರಂದು ಸೆಮಿಫೈನಲಿನ ಮೊದಲ ಸುತ್ತು, ಎದುರಾಳಿ ಆ ವರ್ಷ ಲೀಗಿನ ಅಗ್ರಸ್ಥಾನದಲ್ಲಿದ್ದ ಮುಂಬಯಿ. ಬದಲಿ ಆಟಗಾರನಾಗಿ ಇಳಿದ ಛೇತ್ರಿ ಗೋಲು ಹೊಡೆದರು. ಅದೂ ಕಾರ್ನರು, ಅದೂ ತಲೆ, ಅದೂ 1-0. ಐದು ದಿನದ ಮೇಲೆ ಕಂಠೀರವದಲ್ಲಿ ಮುಂಬಯಿ 2-1ರಿಂದ ತಿರುಗೇಟು ಕೊಟ್ಟು ಪಂದ್ಯವನ್ನು ಪೆನಾಲ್ಟಿಗೆ ಎಳೆಯಿತು; ಅಲ್ಲಿ 9-8! ಆ ರಾತ್ರಿ ನನ್ನ ರಕ್ತದೊತ್ತಡದ ಮಾತ್ರೆ ಎರಡಾಯಿತು.

ಹೆದರಿಕೆಗೂ ಕಾರಣಗಳಿವೆ. 2023ರ ಡಿಸೆಂಬರಿನಲ್ಲಿ ಇದೇ ಮುಂಬಯಿ ಕಂಠೀರವಕ್ಕೆ ಹೋಗಿ ನಾಲ್ಕು ಗೋಲು ಹೊಡೆದು ಬಂತು, ನಮ್ಮದು ಸೊನ್ನೆ. ಬೆಂಗಳೂರು ಬಡ್ಡಿ ಸಮೇತ ತೀರಿಸಿದ್ದು 2025ರ ಮಾರ್ಚ್ 29ರಂದು, 5-0. ಹೀಗಾಗಿ ಈ ಎರಡು ತಂಡಗಳ ನಡುವೆ ಹಳೆಯ ಲೆಕ್ಕ ನೋಡಿ ಭವಿಷ್ಯ ಹೇಳುವವನು ಪಂಚಾಂಗದವನಿಗಿಂತ ಧೈರ್ಯಶಾಲಿಯಾಗಿರಬೇಕು. ನಾನು ಕಂಡದ್ದಿಷ್ಟು: ಮುಂಬಯಿಯವರು ಚೆಂಡನ್ನು ನೆಲದ ಮೇಲೆ ಇಟ್ಟುಕೊಂಡು ಸಣ್ಣ ಸಣ್ಣ ಪಾಸುಗಳಿಂದ ಎದುರಾಳಿಯನ್ನು ದಣಿಸುವ ತಂಡ. ಅವರ ಹಿಂದೆ ಓಡಿ ಚೆಂಡು ಕಸಿಯಲು ಹೋದರೆ ನಡುವೆ ಬಯಲು ಬೀಳುತ್ತದೆ, 0-4 ಆಗುವುದು ಹಾಗೆಯೇ. ಬೆಂಗಳೂರು ಅಂಧೇರಿಯಲ್ಲಿ ಆ ಎರಡು ಸಲ ಗೆದ್ದಾಗ ಸಾಲು ಕೆಡಿಸದೆ ಕಾದು, ಸಿಕ್ಕ ಒಂದು ಕಾರ್ನರನ್ನು ಬಂಗಾರದಂತೆ ಬಳಸಿತು. ಕೋಚು ಬದಲಾಗಲಿ, ಆಟಗಾರರು ಬದಲಾಗಲಿ, ಅದೇ ದಾರಿ ಹಿಡಿಯಲಿ ಎಂಬುದು ಈ ಅಭಿಮಾನಿಯ ಹರಕೆ. ಮೊದಲ ಇಪ್ಪತ್ತು ನಿಮಿಷ ಗೋಲು ಬಿಡದಿದ್ದರೆ ಆತಿಥೇಯರ ಗ್ಯಾಲರಿ ತಾನಾಗಿ ಗೊಣಗಲು ಶುರುಮಾಡುತ್ತದೆ. ಆ ಗೊಣಗಾಟದ ಹೊತ್ತಿಗೆ ಎದುರಿನಿಂದ ಇನ್ನೂರು ಗಂಟಲು ಒಟ್ಟಾಗಿ ಕನ್ನಡದಲ್ಲಿ ಎದ್ದರೆ ಏನಾದೀತು, ಊಹಿಸಿ! ಏಳೆಂಟು ಸಾವಿರ ಮಂದಿ ಹಿಡಿಸುವ ಸಣ್ಣ ಮೈದಾನ ಅದು. ಇನ್ನೂರು ಮಂದಿಯ ಕೂಗು ಮೂಲೆಮೂಲೆಗೂ ಕೇಳುತ್ತದೆ.

ಮುಂದಿನ ಸಲ ನೋಡೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಮುಂದಿನ ಸಲ ಇದ್ದೇ ಇರುತ್ತದೆ ಎಂದು ನಂಬಬೇಡಿ. 2025ರಲ್ಲಿ ಲೀಗಿನ ವ್ಯಾಪಾರದ ಒಪ್ಪಂದ ನವೀಕರಣವಾಗದೆ ಇಡೀ ಪಂದ್ಯಾವಳಿ ತೂಗುಯ್ಯಾಲೆಯಲ್ಲಿ ಬಿತ್ತು. ಆ ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ವರ್ಷದ ಕೊನೆಗೆ ಮುಂಬಯಿ ತಂಡದ ವಿದೇಶೀ ಒಡೆಯರು ಕೈತೊಳೆದುಕೊಂಡು ಹೋದರು. ಕೊನೆಗೆ ಆಟ ಶುರುವಾದದ್ದು 2026ರ ಫೆಬ್ರವರಿಯಲ್ಲಿ, ಅದೂ ಪ್ರತಿ ಜೋಡಿಗೆ ಒಂದೇ ಪಂದ್ಯದಂತೆ. ರೋವರ್ಸ್ ಕಪ್ಪೂ ಎಂದೆಂದಿಗೂ ಇರುತ್ತದೆಂದೇ ಕೂಪರೇಜಿನ ಬೆಂಚುಗಳ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ನಾವು ತಿಳಿದಿದ್ದೆವು. ಅದು ಕೊನೆಯ ಬಾರಿ ನಡೆದದ್ದು 2000-01ರಲ್ಲಿ. ಯಾರೂ ಬಂದು ನಮಗೆ ಮುಂಚಿತವಾಗಿ ಹೇಳಲಿಲ್ಲ.

ಮೂರನೆಯ ಆಕ್ಷೇಪವೊಂದಿದೆ, ಅದು ಕಾರ್ಯಕಾರೀ ಸಮಿತಿಯದು: ಸಂಘದ ಉದ್ದೇಶ ಭಾಷೆ, ಸಂಸ್ಕೃತಿ, ಫುಟ್‌ಬಾಲಲ್ಲ. ಒಪ್ಪಿದೆ. ಆದರೆ ಪ್ರತಿ ವಾರ್ಷಿಕ ವರದಿಯಲ್ಲೂ ಯುವಜನ ಸಂಘಕ್ಕೆ ಬರುತ್ತಿಲ್ಲವೆಂಬ ಒಂದು ಪ್ಯಾರಾ ಇರುತ್ತದೆ. ತಾರೀಕು ಬದಲಾಗುತ್ತದೆ, ಪ್ಯಾರಾ ಬದಲಾಗುವುದಿಲ್ಲ. ನನ್ನ ನೆರೆಯ ಹುಡುಗನೊಬ್ಬನಿದ್ದಾನೆ. ಬೊರಿವಲಿಯಲ್ಲಿ ಹುಟ್ಟಿದವನು, ಅಜ್ಜಿಯೊಡನೆ ಮಾತ್ರ ಕನ್ನಡ, ಅದೂ ಮರಾಠಿ ಬೆರೆತದ್ದು. ನಾಡಹಬ್ಬಕ್ಕೆ ಕರೆದರೆ ಪರೀಕ್ಷೆಯ ನೆಪ ಹೇಳುತ್ತಾನೆ. ಅವನನ್ನು ಒಮ್ಮೆ ಈ ಪಂದ್ಯಕ್ಕೆ ಕರೆದೊಯ್ದೆ. ಬೆಂಗಳೂರಿನಿಂದ ಬಂದಿದ್ದ ನೀಲಿ ಅಂಗಿಯ ಹುಡುಗರ ನಡುವೆ ಅವನು ಅರ್ಧ ಗಂಟೆಯಲ್ಲಿ ಕಲಿತ ಕನ್ನಡವನ್ನೆಲ್ಲ ಅಚ್ಚುಹಾಕುವಂತಿಲ್ಲ, ನಿಜ. ಆದರೆ ಹಿಂದಿರುಗುವಾಗ ಲೋಕಲಿನಲ್ಲಿ ಅವನು ನನ್ನೊಡನೆ ಅಂಧೇರಿಯಿಂದ ಬೊರಿವಲಿಯವರೆಗೆ ಕನ್ನಡದಲ್ಲೇ ಜಗಳವಾಡಿದ, ರೆಫರಿ ಕೊಟ್ಟ ಒಂದು ಫೌಲಿನ ಬಗ್ಗೆ. ನಮ್ಮ ಎಷ್ಟು ಭಾಷಣ ಸ್ಪರ್ಧೆಗಳು ಇದನ್ನು ಸಾಧಿಸಿವೆ?

ಆದ್ದರಿಂದ ಸಮಿತಿಯವರಲ್ಲಿ ನನ್ನ ಕೋರಿಕೆ ಇದು. ವಾರ್ಷಿಕ ವಿಹಾರದ ಬಾಬತ್ತಿನಲ್ಲಿ ಐವತ್ತು ಟಿಕೇಟು ಕೊಳ್ಳಿ, ಇಪ್ಪತ್ತೈದು ವರ್ಷದ ಒಳಗಿನವರಿಗೆ ಅರ್ಧ ಬೆಲೆಗೆ ಕೊಡಿ. ಪಂದ್ಯದ ದಿನಾಂಕ ಪ್ರಕಟವಾದೊಡನೆ ಫಲಕದ ಮೇಲೆ ಬರೆಯಿರಿ. ಮೆಟ್ರೋದಲ್ಲಿ ಬರುವವರು ಆಜಾದ್ ನಗರದಲ್ಲಿ ಇಳಿಯಬೇಕು. ಅಲ್ಲಿಂದ ವೀರಾ ದೇಸಾಯಿ ರಸ್ತೆಗೆ ನಡಿಗೆಯ ದಾರಿ. ಟಿಕೇಟು ಕೊಳ್ಳುವಾಗ ಎದುರು ತಂಡದವರ ಗ್ಯಾಲರಿ ಎಂದು ಸ್ಪಷ್ಟವಾಗಿ ನೋಡಿಕೊಳ್ಳಿ. ಮುಂಬಯಿಯವರ ಅಂಗಿಯೂ ನೀಲಿಯೇ, ಆದರೆ ತಿಳಿನೀಲಿ, ನಮ್ಮದು ಗಾಢ. ಕತ್ತಲಲ್ಲಿ ತಪ್ಪು ಅಂಗಿ ತೊಟ್ಟು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಾರೆವು. ನನ್ನ ಅಂದಾಜನ್ನು ಕೇಳುವವರಿಗೆ: ಬೆಂಗಳೂರು 1, ಮುಂಬಯಿ 0. ಗೋಲು ಕಾರ್ನರಿನಿಂದ, ಎಪ್ಪತ್ತು ನಿಮಿಷ ದಾಟಿದ ಮೇಲೆ. ಅಲ್ಲಿಯವರೆಗೆ ಯಾರೂ ಬಟಾಟೆವಡೆಗೆಂದು ಎದ್ದು ಹೋಗಬಾರದು.